ಅಪ್‌ಡೇಟ್: ರಿವ್ಯೂಗೆ ಪಬ್‌ಮೆಡ್ ಒಂದೇ ಸಾಕಾ?

ಗರ್ಭಿಣಿಯರಿಗೆ ಕೊಡುವ ಕಬ್ಬಿಣದ ಮಾತ್ರೆ ಬಗ್ಗೆ ಸಿಸ್ಟಮ್ಯಾಟಿಕ್ ರಿವ್ಯೂ (ಒಂದು ವಿಷಯದ ಎಲ್ಲ ಅಧ್ಯಯನಗಳನ್ನೂ ಕ್ರಮವಾಗಿ ಹುಡುಕಿ ಒರೆಹಚ್ಚುವುದು) ಮಾಡಲು, ವೈದ್ಯಕೀಯ ಪೇಪರ್‌ಗಳ ಡೇಟಾಬೇಸ್ ಆದ ಪಬ್‌ಮೆಡ್ ಒಂದರಲ್ಲೇ ಹುಡುಕಿದರೆ ಸಾಕಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಖಂಡಿತ ಸಾಲದು.

ಎಂಬೇಸ್, ಕಾಕ್ರೇನ್ ಸೆಂಟ್ರಲ್ ಎಂಬ ಇನ್ನೆರಡು ಡೇಟಾಬೇಸ್‌ಗಳನ್ನೂ ಸೇರಿಸಿದೆವು. ಎಲ್ಲಕ್ಕಿಂತ ಜಾಸ್ತಿ ಉಪಯೋಗವಾದದ್ದು ನೀವು ಹೇಳಿದ ಸಿಟಿಆರ್‌ಐ, ಅಂದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ತಾಣ. 2009ರಿಂದ ಭಾರತದ ಕ್ಲಿನಿಕಲ್ ಟ್ರಯಲ್‌ಗಳನ್ನು ಅಲ್ಲಿ ನೋಂದಾಯಿಸುವುದು ಕಡ್ಡಾಯ. ಹಾಗಾಗಿ ಮುಗಿದರೂ ಪ್ರಕಟವಾಗದ ಟ್ರಯಲ್‌ಗಳ ಸುಳಿವು ಅಲ್ಲಿ ಸಿಗುತ್ತದೆ. ಒಳ್ಳೆ ಫಲಿತಾಂಶ ಬಂದವು ಮಾತ್ರ ಅಚ್ಚಾದರೆ ಔಷಧ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ, ಅಲ್ವಾ? ಪ್ರಕಟವಾಗದ ಟ್ರಯಲ್‌ಗಳಲ್ಲಿ ಭಾಗವಹಿಸಿದ ತಾಯಂದಿರಿಗೂ ಅದು ಅನ್ಯಾಯ.

ಪ್ರೋಟೋಕಾಲ್ (ರಿವ್ಯೂ ಹೇಗೆ ಮಾಡುತ್ತೇವೆ ಎಂಬ ಯೋಜನೆ) ಅನ್ನು ಮೊದಲೇ ಪ್ರಾಸ್ಪೆರೊ ಎಂಬ ರಿವ್ಯೂ ನೋಂದಣಿ ತಾಣದಲ್ಲಿ ನೋಂದಾಯಿಸಿದ್ದೇವೆ. ಪೇಪರ್‌ಗಳನ್ನು ಇಬ್ಬರು ಬೇರೆ ಬೇರೆಯಾಗಿ ಆರಿಸುತ್ತೇವೆ. ಒಮ್ಮತ ಬಾರದಿದ್ದರೆ ಗೈಡ್ ಮೇಡಂ ತೀರ್ಮಾನಿಸುತ್ತಾರೆ. ಡೋಸ್, ಅವಧಿ ತೀರಾ ಬೇರೆ ಇರುವ ಟ್ರಯಲ್‌ಗಳನ್ನು ಸುಮ್ನೆ ಕೂಡಿಸಿ ಮೆಟಾ ಅನಾಲಿಸಿಸ್ (ಹಲವು ಟ್ರಯಲ್‌ಗಳ ಅಂಕಿಗಳಿಂದ ಒಂದು ಒಟ್ಟು ಫಲಿತಾಂಶ ತೆಗೆಯುವುದು) ಮಾಡುವುದಿಲ್ಲ.