ಪುಟ್ಟಿ, ಆ ಡಬ್ಬದ ಮುಚ್ಚಳ ತೆಗೆಯಬೇಡ

ಪುಟ್ಟಿ, ಅತ್ತೆ ಮಾತಾಡುತ್ತಿದ್ದೇನೆ. ನಿನ್ನ ಮೆಸೇಜ್ ಈಗಷ್ಟೇ ನೋಡಿದೆ. ಪೂಲ್ ತಳದಲ್ಲಿ ಕಂದು ಬಣ್ಣದ ಗಸಿ ಕೂತಿದೆ, ಬ್ರಷ್ ಹಾಕಿದರೆ ಮಾಯ ಆಗುತ್ತದೆ, ಬೆಳಗ್ಗೆ ನೋಡಿದರೆ ಮತ್ತೆ ಅಲ್ಲೇ ಇರುತ್ತದೆ, ಏನಿದು, ಮಕ್ಕಳು ಇಳಿಯಬಹುದಾ ಅಂತ ಕೇಳಿದ್ದೀಯ. ಅದರ ಕೆಳಗೇ ಭಾವ ಬರೆದಿದ್ದಾರೆ, ಪುಡಿ ಕ್ಲೋರಿನ್ನು, ಮಾತ್ರೆ ಕ್ಲೋರಿನ್ನು ಎರಡನ್ನೂ ಒಂದೇ ಬಕೆಟ್‌ನಲ್ಲಿ ಕಲಸಿ ಸುರಿ, ಒಂದೇ ರಾತ್ರಿಗೆ ಸರಿಹೋಗುತ್ತದೆ ಅಂತ. ಅದಕ್ಕೆ ಮನೆಮಂದಿಯೆಲ್ಲ ಸಾಲಾಗಿ ಹೆಬ್ಬೆಟ್ಟು ಒತ್ತಿದ್ದೀರಿ. ಭಾವ, ನೀವು ತಪ್ಪು ತಿಳಿಯಬೇಡಿ. ನಿಮ್ಮ ಮೇಲೆ ನನಗೆ ಗೌರವ ಇದೆ. ಆದರೆ ಅದನ್ನು ಓದಿ ನನ್ನ ಎದೆ ಧಸಕ್ಕೆಂದಿತು.

ಪುಟ್ಟಿ, ಆ ಗಸಿ ಏನು ಅಂತ ಗೊತ್ತಾಗುವ ತನಕ ನೀರಿಗೆ ಏನನ್ನೂ ಹಾಕಬೇಡ. ಡಬ್ಬದ ಮುಚ್ಚಳವನ್ನೂ ತೆಗೆಯಬೇಡ.

ಪುಡಿ ಅಂತ ಸಿಗುವುದು ಹೆಚ್ಚಾಗಿ ಕ್ಯಾಲ್ಸಿಯಂ ಹೈಪೋಕ್ಲೋರೈಟ್. ಮಾತ್ರೆ ಟ್ರೈಕ್ಲೋರ್. ಹೆಸರಿಗೆ ಎರಡೂ ಕ್ಲೋರಿನ್ ಅಷ್ಟೇ, ಗುಣ ಬೇರೆ. ಎರಡನ್ನೂ ಸೇರಿಸಿ ಸ್ವಲ್ಪ ನೀರು ತಾಗಿದರೆ ಸಾಕು, ಬಿಸಿಯೇರಿ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಒಂದಕ್ಕೆ ಹಾಕಿದ ಚಮಚವನ್ನು ಇನ್ನೊಂದಕ್ಕೆ ಹಾಕಬಾರದು ಅಂತ ಡಬ್ಬದ ಮೇಲೇ ಬರೆದಿರುತ್ತದೆ. ಓದುವವರು ಯಾರು?

ನಾವು ಹಳೇ ಅಪಾರ್ಟ್‌ಮೆಂಟ್‌ನಲ್ಲಿದ್ದಾಗ ಪೂಲ್ ಜವಾಬ್ದಾರಿ ನನ್ನ ತಲೆಗೆ ಕಟ್ಟಿದ್ದರಲ್ಲ, ಗೊತ್ತೇ ಇದೆ ನಿಮಗೆಲ್ಲ. ಬೇರೆ ಯಾರೂ ಒಪ್ಪಲಿಲ್ಲ, ಇವರು ಮನೆಯಲ್ಲೇ ಇರುತ್ತಾರಲ್ಲ ಅಂತ ನನಗೆ ಕೊಟ್ಟರು. ಅಲ್ಲೂ ಹೀಗೇ ಆಯಿತು. ತಳದಲ್ಲಿ ಕಂದು ಬಣ್ಣದ ಗಸಿ. ಗುಡಿಸಿದರೂ ಮತ್ತೆ ಬರುತ್ತಿತ್ತು. ಪೂಲ್ ನೋಡಿಕೊಳ್ಳಲು ಒಬ್ಬ ಹುಡುಗ ಇದ್ದ. ಓದಿದ್ದು ಕಡಿಮೆ, ಆದರೆ ಕಣ್ಣು ಚುರುಕು. ಅವನು ಮೊದಲ ದಿನವೇ ಬಂದು ಹೇಳಿದ, ಅಮ್ಮಾ, ಇದು ಕೈಗೆ ಗರಗರ ಅನ್ನುತ್ತದೆ, ನೀರು ಒಳಗೆ ಬರುವ ತೂತಿನ ಕೆಳಗೇ ಗುಡ್ಡೆ ಬೀಳುತ್ತದೆ, ಫಿಲ್ಟರ್ ಬಿಚ್ಚಿಸಿ ನೋಡಿ ಅಂತ. ನಾನು ಅದನ್ನೇ ಕಮಿಟಿಯಲ್ಲಿ ಹೇಳಿದೆ. ಕೇಳಬೇಕಲ್ಲ! ಒಬ್ಬರು ಪಾಚಿ ಅಂದರು. ಒಬ್ಬರು ಕೊಳವೆಬಾವಿ ನೀರಿನ ಕಬ್ಬಿಣ ಅಂದರು. ಇನ್ನೊಬ್ಬರು, ಹೆಸರು ಬೇಡ, ಯಾರಿಗೂ ಹೇಳದೆ ಆ ಹುಡುಗನಿಗೆ ಫೋನ್ ಮಾಡಿ, ಕ್ಲೋರಿನ್ ಜಾಸ್ತಿ ಹಾಕು, ಹಿಂದೆಯೇ ಆಸಿಡ್ ಹಾಕಿ ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, ಇಳಿಸು, ಸಂಜೆಯೊಳಗೆ ನೀರು ಫಳಫಳ ಅನ್ನಬೇಕು ಅಂತ ಹುಕುಂ ಕೊಟ್ಟರು.

ಅವನ ಹತ್ತಿರ ಇದ್ದದ್ದೇ ಒಂದು ಬಕೆಟ್. ಕೇಳಿ ಕೇಳಿ ಸಾಕಾಗಿತ್ತು, ಎರಡನೆಯದು ಬರಲೇ ಇಲ್ಲ. ಕ್ಲೋರಿನ್ ಪುಡಿ ಕಲಸಿ ಸುರಿದ ಅದೇ ಬಕೆಟ್‌ಗೆ ಆಸಿಡ್ ಹಾಕಿದ. ತಳದಲ್ಲಿ ಪುಡಿ ಇನ್ನೂ ಅಂಟಿಕೊಂಡಿತ್ತು. ಎರಡೂ ಸೇರಿ ಕ್ಲೋರಿನ್ ಅನಿಲ ಎದ್ದಿತು. ಪಂಪ್ ರೂಮ್ ಮೆಟ್ಟಿಲಿಳಿದು ಹೋಗುವಂಥದ್ದು, ಗಾಳಿಯಾಡುವುದಿಲ್ಲ. ಕ್ಲೋರಿನ್ ಅನಿಲ ಗಾಳಿಗಿಂತ ಭಾರ. ತಗ್ಗಿನಲ್ಲಿ ಕೂತುಬಿಡುತ್ತದೆ. 1915ರಲ್ಲಿ, ಮೊದಲ ಮಹಾಯುದ್ಧದಲ್ಲಿ, ಕಂದಕದಲ್ಲಿದ್ದ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲ. ಹುಡುಗ ಕೆಮ್ಮುತ್ತಾ ಹೇಗೋ ಮೆಟ್ಟಿಲು ಹತ್ತಿ ಬಂದು ಅಲ್ಲೇ ಕುಸಿದ. ಬಾಯಿ ಮಾತಾಡುವುದಿಲ್ಲ, ಕಣ್ಣು ಕೆಂಡ. ನಿಮ್ಮ ಮಾವ ಅವನನ್ನು ದೂರ ಎಳೆದು ಬಯಲಿನಲ್ಲಿ ಕೂರಿಸಿದರು. ವಾಸನೆ ನನ್ನ ಗಂಟಲಿಗೂ ಹತ್ತಿತು. ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಇಟ್ಟುಕೊಂಡರು. ಆ ಗಾಳಿ ಕುಡಿದವರಿಗೆ ಮೊದಲು ಏನೂ ಆಗಿಲ್ಲ ಅನ್ನಿಸಿದರೂ ಕೆಲವು ಗಂಟೆ ಬಿಟ್ಟು ಶ್ವಾಸಕೋಶದಲ್ಲಿ ನೀರು ತುಂಬಬಹುದಂತೆ. ದೇವರು ದೊಡ್ಡವನು, ಹುಡುಗ ಉಳಿದ.

ಆಮೇಲೆ ಫಿಲ್ಟರ್ ಬಿಚ್ಚಿಸಿದರು. ಏನಿತ್ತು ಗೊತ್ತಾ? ಮರಳು! ಫಿಲ್ಟರ್‌ನ ಒಳಗಿನ ಮರಳೇ ಪೂಲ್‌ಗೆ ಬರುತ್ತಿತ್ತು. ಮರಳಿನ ಕೆಳಗೆ ಸಣ್ಣ ಸಣ್ಣ ಸೀಳಿರುವ ಕೊಳವೆಗಳು ಇರುತ್ತವೆ, ನೀರನ್ನು ಬಿಟ್ಟು ಮರಳನ್ನು ತಡೆಯಲಿಕ್ಕೆ. ಅದರಲ್ಲೊಂದು ಮುರಿದಿತ್ತು. ಮರಳಿಗೆ ಕ್ಲೋರಿನ್ ಹಾಕಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಒಂದು ಪ್ಲಾಸ್ಟಿಕ್ ಕೊಳವೆ ಬದಲಾಯಿಸುವ ಕೆಲಸಕ್ಕೆ ಒಬ್ಬ ಹುಡುಗನ ಪ್ರಾಣ ಹೋಗುವುದರಲ್ಲಿತ್ತು.

ಅದಕ್ಕೇ ಮತ್ತೆ ಹೇಳುತ್ತೇನೆ ಪುಟ್ಟಿ, ಗಸಿ ಏನು ಅಂತ ಗೊತ್ತಾಗುವ ತನಕ ಏನನ್ನೂ ಹಾಕಬೇಡ. ಯಾರು ಹೇಳಿದರೂ ಸರಿಯೇ, ಅತ್ತೆ ಬೇಡ ಅಂದಿದ್ದಾಳೆ ಅನ್ನು.

ಇನ್ನು ಮುಂದಿನದು ಕೇಳಿ. ಹುಡುಗ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಮೀಟಿಂಗ್ ಮುಗಿಸಿಬಿಟ್ಟಿದ್ದರು. ಪುಸ್ತಕದಲ್ಲಿ ಏನು ಬರೆದರು ಗೊತ್ತಾ, ನಿರ್ವಹಣಾ ಸಿಬ್ಬಂದಿಯ ಅಜಾಗರೂಕತೆ ಅಂತ! ಫೋನ್ ಮಾಡಿ ಹುಕುಂ ಕೊಟ್ಟವರ ಹೆಸರಿಲ್ಲ. ಎರಡನೇ ಬಕೆಟ್ ಕೇಳಿದ್ದು ಇಲ್ಲ. ಫಿಲ್ಟರ್ ಬಿಚ್ಚಿಸಿ ಅಂತ ನಾನು ಹೇಳಿದ್ದಂತೂ ಇಲ್ಲವೇ ಇಲ್ಲ. ನಾನು ಎದ್ದು ನಿಂತು ಇದು ಸರಿಯಲ್ಲ ಅಂದೆ. ಮೇಡಂ, ನೀವು ಭಾವುಕರಾಗುತ್ತಿದ್ದೀರಿ ಅಂದರು. ಭಾವುಕಳಂತೆ! ಲೆಕ್ಕ, ಬಿಲ್ಲು, ದಿನದ ಪಿಎಚ್, ಎಲ್ಲ ಬರೆದಿಟ್ಟ ನೋಟ್‌ಬುಕ್ ಮುಂದಿಟ್ಟೆ. ಯಾರೂ ತೆರೆದು ನೋಡಲಿಲ್ಲ. ಆ ಹುಡುಗ ಕೆಲಸ ಬಿಟ್ಟು ಹೋದ. ಪಾಪ, ಹೋಗುವಾಗ ನಮ್ಮ ಮನೆಗೆ ಬಂದು ಹೇಳಿಯೇ ಹೋದ. ಹುಕುಂ ಕೊಟ್ಟವರು ಮುಂದಿನ ವರ್ಷ ಅಧ್ಯಕ್ಷರಾದರು.

ಅದು ಹೋಗಲಿ, ಹೊರಗಿನವರು. ನಮ್ಮವರೇನು ಕಡಿಮೆಯಾ? ಅಣ್ಣ, ನೀನೂ ಕೇಳಿಸಿಕೋ. ಈ ಪೂಲ್ ಕಟ್ಟಿಸುವಾಗ ಟೈಲ್ಸ್ ಯಾವ ನೀಲಿ ಇರಲಿ ಅಂತ ಇಡೀ ಗ್ರೂಪ್‌ಗೆ ಫೋಟೋ ಹಾಕಿದಿರಿ. ಫಿಲ್ಟರ್ ಯಾವುದು, ಎಷ್ಟು ದೊಡ್ಡದು ಅಂತ ಯಾರನ್ನಾದರೂ ಕೇಳಿದಿರಾ? ಕಂಟ್ರಾಕ್ಟರ್ ಹೇಳಿದ್ದೇ ವೇದವಾಕ್ಯ. ಟೈಲ್ಸ್ ನೀರು ಸೋಸುತ್ತದಾ? ನಾನು ಆಗಲೂ ಉದ್ದಕ್ಕೆ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದೆ. ಅದನ್ನು ಡಬಲ್ ಸ್ಪೀಡ್‌ನಲ್ಲಿ ಹಾಕಿಕೊಂಡು ನಗುತ್ತಿದ್ದಿರಂತೆ. ಯಾರು ಹೇಳಿದರು ಅಂತ ಹೇಳುವುದಿಲ್ಲ, ನನಗೆ ಎಲ್ಲ ಗೊತ್ತಾಗುತ್ತದೆ. ಇದನ್ನಾದರೂ ನಿಧಾನವಾಗಿ ಕೇಳಿ.

ಏನು ಹೇಳುತ್ತಿದ್ದೆ? ಹಾಂ, ಗಸಿ.

ಪುಟ್ಟಿ, ಮೊದಲು ಮಕ್ಕಳ ವಿಷಯ. ಆಳದ ಕಡೆ ತಳದಲ್ಲಿ ನೀರು ಹೊರಹೋಗುವ ಜಾಲರಿ ಇದೆಯಲ್ಲ, ದಡದಲ್ಲಿ ನಿಂತರೆ ಅದು ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ಯಾರೂ ಇಳಿಯಬಾರದು, ದೊಡ್ಡವರೂ ಅಷ್ಟೇ. ಕೆಳಗೆ ಮಗು ಮುಳುಗಿದ್ದರೂ ಮೇಲಿನಿಂದ ಕಾಣುವುದಿಲ್ಲ. ಜಾಲರಿ ಮುರಿದಿದ್ದರೆ, ಸಡಿಲವಾಗಿದ್ದರೆ ಪಂಪನ್ನೂ ನಿಲ್ಲಿಸು. ಆ ಸೆಳೆತಕ್ಕೆ ಕೂದಲು ಸಿಕ್ಕಿಕೊಂಡರೆ ಬಿಡಿಸಲಿಕ್ಕಾಗುವುದಿಲ್ಲ.

ಜಾಲರಿ ಕಾಣುತ್ತಿದ್ದರೆ ಈ ಕೆಲಸ ಮಾಡು. ರಾತ್ರಿ ಪಂಪ್ ನಿಂತಿರಲಿ, ಗಸಿ ಕೂರಲಿ. ಬೆಳಗ್ಗೆ ಖಾಲಿ ಬಾಟಲಿಯ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಮೆಟ್ಟಿಲ ಹತ್ತಿರ ತಳಕ್ಕೆ ಒಯ್ದು, ಬೆರಳು ತೆಗಿ. ಗಸಿ ತಾನಾಗಿ ಒಳಗೆ ನುಗ್ಗುತ್ತದೆ. ಅದು ಬಾಟಲಿಯಲ್ಲಿ ಕೂತ ಮೇಲೆ ಮೇಲಿನ ನೀರು ಚೆಲ್ಲಿ, ಉಳಿದದ್ದನ್ನು ಬೆರಳಲ್ಲಿ ಉಜ್ಜು. ಗರಗರ ಅಂದರೆ ಮರಳು. ಲೋಳೆಯ ಹಾಗಿದ್ದರೆ ಪಾಚಿ. ನಾಲ್ಕು ಹನಿ ವಿನೆಗರ್ ಹಾಕಿದಾಗ ನೊರೆ ಬಂದರೆ ಸುಣ್ಣದಂಶ, ಅದು ಪಿಎಚ್ ಏರಿದಾಗ ಬಿಳಿ ಪುಡಿಯಾಗಿ ಕೂರುತ್ತದೆ. ನಿನ್ನದು ಕಂದು, ಅದಲ್ಲ ಅನ್ನಿಸುತ್ತದೆ. ಕೊಳವೆಬಾವಿ ನೀರು ತುಂಬಿಸಿ ಕ್ಲೋರಿನ್ ಹಾಕಿದ ಮೇಲೆ ಶುರುವಾಗಿದ್ದರೆ ಕಬ್ಬಿಣ. ನೀರಲ್ಲಿ ಕಣ್ಣಿಗೆ ಕಾಣದೆ ಕರಗಿದ್ದ ಕಬ್ಬಿಣ ಕ್ಲೋರಿನ್ ತಾಗಿದರೆ ತುಕ್ಕಿನ ಬಣ್ಣಕ್ಕೆ ತಿರುಗಿ ಕೆಳಗೆ ಕೂರುತ್ತದೆ. ಭಾವ ಹೇಳಿದ ಹಾಗೆ ಇನ್ನಷ್ಟು ಸುರಿದರೆ ಇನ್ನಷ್ಟು ಕಂದಾಗುತ್ತದೆ, ಅಷ್ಟೇ. ನೆರಳಿರುವ ಗೋಡೆಗೆ ಹಳದಿಯಾಗಿ ಅಂಟಿಕೊಂಡು, ಬ್ರಷ್ ತಾಗಿದ ಕೂಡಲೇ ಬಿಟ್ಟು ಮತ್ತೆ ಬರುತ್ತಿದ್ದರೆ ಹಳದಿ ಪಾಚಿ. ಅದೊಂದು ಹಟಮಾರಿ, ಬ್ರಷ್ಷು, ಬಲೆ ಎಲ್ಲವನ್ನೂ ತೊಳೆಯದಿದ್ದರೆ ಅವುಗಳ ಜೊತೆಗೇ ವಾಪಸ್ ಬರುತ್ತದೆ.

ಬದುಕಿರುವ ಪಾಚಿಯೋ ಸುಮ್ನೆ ಮಣ್ಣೋ ಅಂತ ಅನುಮಾನ ಬಂದರೆ ಸೂರ್ಯ ಮುಳುಗಿದ ಮೇಲೆ ಒಂದು ಸಲ, ಬೆಳಕು ಹರಿಯುವ ಮುಂಚೆ ಒಂದು ಸಲ ಕ್ಲೋರಿನ್ ಅಳೆದು ನೋಡು. ಬಿಸಿಲಿಲ್ಲದ ಹೊತ್ತಿನಲ್ಲೂ 1 ಪಿಪಿಎಂಗಿಂತ, ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ, ಜಾಸ್ತಿ ಇಳಿದಿದ್ದರೆ ನೀರಲ್ಲಿ ಅದನ್ನು ತಿನ್ನುವಂಥದ್ದು ಏನೋ ಇದೆ, ಹೆಚ್ಚಾಗಿ ಪಾಚಿಯೇ. ಇಳಿಯದಿದ್ದರೆ ಸತ್ತ ಪಾಚಿ ಅಥವಾ ಧೂಳು. ಪಿಎಚ್ 7.2ರಿಂದ 7.8ರ ಒಳಗಿರಲಿ.

ನಿನ್ನದು ಬ್ರಷ್ ಹಾಕಿದರೆ ಹೊಗೆಯ ಹಾಗೆ ಏಳುತ್ತದಾ? ಹಾಗಿದ್ದರೆ ನಮ್ಮಲ್ಲಿದ್ದ ಮರಳಲ್ಲ. ಮರಳು ಎದ್ದ ಕೂಡಲೇ ಕೆಳಗೆ ಬೀಳುತ್ತದೆ. ಇದು ನಯವಾದ ಧೂಳು. ಮರಳಿನ ಫಿಲ್ಟರ್ ಸುಮಾರು 20 ಮೈಕ್ರಾನ್‌ಗಿಂತ ಸಣ್ಣದನ್ನು ಸರಿಯಾಗಿ ಹಿಡಿಯುವುದಿಲ್ಲ, ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನೀನು ಗುಡಿಸುತ್ತೀಯ, ಅದು ಫಿಲ್ಟರ್ ದಾಟಿ ವಾಪಸ್ ಪೂಲ್‌ಗೇ ಬರುತ್ತದೆ, ರಾತ್ರಿ ಪಂಪ್ ನಿಂತ ಮೇಲೆ ಕೂರುತ್ತದೆ. ದಿನಾ ಇದೇ ಕಥೆ. ಮಾಯ ಆಯಿತು ಅಂತ ನಿನಗೆ ಅನ್ನಿಸುತ್ತದೆ, ಅದು ಎಲ್ಲಿಗೂ ಹೋಗಿಲ್ಲ.

ಅದಕ್ಕೆ ಬ್ರಷ್ ಬಿಡು, ವ್ಯಾಕ್ಯೂಮ್ ಹಾಕು. ಅದೂ ಫಿಲ್ಟರ್ ಮೂಲಕ ಬೇಡ. ಫಿಲ್ಟರ್ ಪಕ್ಕದ ಹಿಡಿಕೆಯನ್ನು ವೇಸ್ಟ್ ಅಂತ ಬರೆದಿರುವ ಕಡೆ ತಿರುಗಿಸಿದರೆ ಗಸಿ ನೇರ ಹೊರಗೆ ಹೋಗುತ್ತದೆ. ಹಿಡಿಕೆ ತಿರುಗಿಸುವ ಮುಂಚೆ ಪಂಪ್ ಆಫ್ ಮಾಡಲೇಬೇಕು, ಇಲ್ಲದಿದ್ದರೆ ಒಳಗಿನ ಗ್ಯಾಸ್ಕೆಟ್ ಹರಿದು ಹೋಗುತ್ತದೆ. ವ್ಯಾಕ್ಯೂಮ್ ತಲೆಯನ್ನು ನಿಧಾನವಾಗಿ ಎಳೆ, ಗಸಿ ಎದ್ದರೆ ನಿಲ್ಲಿಸಿ ಮತ್ತೆ ಕೂರಲು ಬಿಡು. ನೀರಿನ ಮಟ್ಟ ಇಳಿಯುತ್ತದೆ, ಆ ಹೊತ್ತಿಗೆ ಪೈಪ್‌ನಲ್ಲಿ ಹೊಸ ನೀರು ಬಿಡುತ್ತಿರು. ಕಬ್ಬಿಣದ ಅನುಮಾನ ಇದ್ದರೆ ಮಾತ್ರ ಅದೇ ಕೊಳವೆಬಾವಿ ನೀರು ಬಿಡಬೇಡ.

ಪಾಚಿ ಅಂತ ಖಚಿತವಾದರೆ ಆಮೇಲೆ ಕ್ಲೋರಿನ್. ಒಂದೇ ಬಗೆ, ಒಣಗಿದ ಬೇರೆ ಬಕೆಟ್, ಮೊದಲು ನೀರು, ಆಮೇಲೆ ಪುಡಿ. ಪುಡಿಯ ಮೇಲೆ ನೀರು ಹುಯ್ಯಬಾರದು. ಆಸಿಡ್ ಡಬ್ಬ ಅದೇ ಕೋಣೆಯಲ್ಲಿದ್ದರೆ ಇವತ್ತೇ ತೆಗೆದು ಬೇರೆ ಕಡೆ ಇಡಿಸು. ಅಣ್ಣ, ಇದನ್ನು ನೀನೇ ಮಾಡು, ಅವಳಿಗೆ ಬಿಡಬೇಡ.

ಬಾಟಲಿಯ ಫೋಟೋ ತೆಗೆದು ನನಗೆ ಕಳಿಸು ಪುಟ್ಟಿ, ಹಿಂದೆ ಬಿಳಿ ಕಾಗದ ಹಿಡಿ, ಬಣ್ಣ ಸರಿಯಾಗಿ ಕಾಣಲಿ. ಫಿಲ್ಟರ್ ಮೇಲೆ ಒತ್ತಡ ತೋರಿಸುವ ಮುಳ್ಳಿದೆಯಲ್ಲ, ಅದು ಈಗ ಎಷ್ಟರಲ್ಲಿದೆ, ಬ್ಯಾಕ್‌ವಾಶ್, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆಯುವುದು, ಅದನ್ನು ಮಾಡಿದ ಮೇಲೆ ಎಷ್ಟಕ್ಕೆ ಇಳಿಯುತ್ತದೆ ಅಂತಲೂ ಬರೆ. ಗ್ರೂಪ್‌ಗೆ ಹಾಕಬೇಡ, ನನಗೆ ಮಾತ್ರ ಹಾಕು.