ಹೊಡೆಯುವ ಹಕ್ಕು ಎಲ್ಲೀತನಕ? ಕರಾಟೆ, ಕುಸ್ತಿ ಮಂದಿಯ ಪ್ರಶ್ನೆಗಳಿಗೆ ವಕೀಲರ ಉತ್ತರ

ಗುಂಪಿನ ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲೆ. ಇಲ್ಲಿ ಕರಾಟೆ, ಟೇಕ್ವಾಂಡೊ, ಕುಸ್ತಿ, ಕಿಕ್‌ಬಾಕ್ಸಿಂಗ್ ಕಲಿಯುವವರು, ಕಲಿಸುವವರೇ ಜಾಸ್ತಿ. "ನಮ್ಮ ರಕ್ಷಣೆಗೆ ಹೊಡೆದರೂ ಕೇಸ್ ಆಗುತ್ತಾ?" ಎಂದು ಸುಮಾರು ಜನ ಕೇಳಿದ್ದೀರಿ. ಬಂದ ಪ್ರಶ್ನೆಗಳಿಗೆಲ್ಲ ಇಲ್ಲೇ ಉತ್ತರ ಬರೆಯುತ್ತೇನೆ.

ಮೊದಲು ಒಂದು ಮಾತು. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಆತ್ಮರಕ್ಷಣೆಯ ಕಲಂಗಳು ಮೊದಲು 96ರಿಂದ 106 ಇದ್ದವು, ಈಗ 34ರಿಂದ 44. ನಂಬರ್ ಬದಲಾಗಿವೆ, ಒಳಗಿನ ಮಾತು ಹೆಚ್ಚು ಕಡಿಮೆ ಅದೇ ಇದೆ. ನಾನು ಹೊಸ ನಂಬರನ್ನೇ ಬಳಸುತ್ತೇನೆ.

ಪ್ರಶ್ನೆ (ಕರಾಟೆ ವಿದ್ಯಾರ್ಥಿ, ಗೋಕುಲ ರೋಡ್): ಮೇಡಂ, ಬ್ಲ್ಯಾಕ್ ಬೆಲ್ಟ್ ಆದಮೇಲೆ ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಬೇಕಂತೆ, ನಮ್ಮ ಕೈಯನ್ನೇ ಆಯುಧ ಅಂತ ಲೆಕ್ಕ ಹಿಡೀತಾರಂತೆ. ನಿಜಾನಾ?

ಉತ್ತರ: ಇಲ್ಲ. ನಮ್ಮ ದೇಶದಲ್ಲಿ ಅಂಥ ಕಾನೂನು ಇಲ್ಲ. ಯಾವ ಠಾಣೆಯಲ್ಲೂ ಹೆಸರು ಬರೆಸಬೇಕಿಲ್ಲ. ಬೆಲ್ಟ್ ಇರುವವರಿಗೂ ಇಲ್ಲದವರಿಗೂ ಹಕ್ಕು ಒಂದೇ. ಆದರೆ ನಿಮಗೆ ಎಷ್ಟು ಗೊತ್ತಿತ್ತು ಎಂಬುದನ್ನು ಕೋರ್ಟ್ ನೋಡಬಹುದು. ಕುತ್ತಿಗೆಗೆ ಚೋಕ್ (ಕತ್ತು ಬಿಗಿಯುವ ಪಟ್ಟು) ಹಾಕಿದರೆ ಏನಾಗುತ್ತದೆ ಎಂದು ವರ್ಷಗಟ್ಟಲೆ ಕಲಿತವನು "ನನಗೆ ಗೊತ್ತಿರಲಿಲ್ಲ" ಅಂದರೆ ಯಾರೂ ನಂಬುವುದಿಲ್ಲ, ಅಲ್ವಾ?

ಪ್ರಶ್ನೆ (ಕಿಕ್‌ಬಾಕ್ಸಿಂಗ್ ಕಲಿಯುವ ಹುಡುಗ, ಉಣಕಲ್): ಮೇಡಂ, ರಾತ್ರಿ ಕ್ಲಾಸ್ ಮುಗಿಸಿ ಕೆರೆ ಬಾಜೂಕ ನಡ್ಕೊಂಡು ಬರೋವಾಗ ಇಬ್ಬರು ಬಂದು ಚಾಕು ತೋರಿಸಿ ಮೊಬೈಲ್ ಕೊಡು ಅಂದರು ಅಂತ ಇಟ್ಕೊಳ್ಳಿ. ನಾನು ಒದ್ದೆ, ಒಬ್ಬ ಬಿದ್ದ. ಮುಂದೆ ಎಲ್ಲೀತನಕ ಹೊಡೀಬಹುದು?

ಉತ್ತರ: ತಮ್ಮಾ, ಕೇಳಬೇಕಾದ್ದನ್ನೇ ಕೇಳಿದ್ದೀ. ಇದಕ್ಕೆ ಸ್ವಲ್ಪ ದೊಡ್ಡ ಉತ್ತರ ಬೇಕು.

ಅವನು ಮೊದಲು ಹೊಡೆಯಲಿ ಅಂತ ನೀನು ಕಾಯಬೇಕಿಲ್ಲ. ಬೆದರಿಕೆಯಿಂದಲೋ ಪ್ರಯತ್ನದಿಂದಲೋ ಮೈಗೆ ಅಪಾಯ ಇದೆ ಎಂಬ ಸಕಾರಣ ಭಯ ಹುಟ್ಟಿದ ಕ್ಷಣದಿಂದಲೇ ಹಕ್ಕು ಶುರು. ಆ ಭಯ ಇರುವತನಕ ಹಕ್ಕೂ ಇರುತ್ತದೆ. ಇದು ಕಲಂ 40. ಚಾಕು ಹಿಡಿದು ಎದುರಿಗೆ ನಿಂತವನಿಂದ ಜೀವಕ್ಕೆ ಅಪಾಯ, ಇಲ್ಲವೇ ತೀವ್ರ ಗಾಯದ ಅಪಾಯ ಇದ್ದೇ ಇದೆ. ಅಂಥ ಹೊತ್ತಿನಲ್ಲಿ ನಿನ್ನ ಏಟಿನಿಂದ ಅವನ ಜೀವ ಹೋದರೂ ಅದು ಅಪರಾಧವಲ್ಲ ಎಂದು ಕಲಂ 38 ಹೇಳುತ್ತದೆ. ಹಾಗಾಗಿ ನಿನ್ನ ಒದೆಗೆ ಅವನ ಮುಂಗೈ ಮುರಿದರೆ ಅದಕ್ಕಾಗಿ ಹೆದರಬೇಡ.

ಈಗ ಅವನು ಬಿದ್ದಿದ್ದಾನೆ. ಚಾಕು ಇನ್ನೂ ಕೈಯಲ್ಲಿದೆ, ಏಳಲು ನೋಡುತ್ತಿದ್ದಾನೆ, ಇನ್ನೊಬ್ಬ ಪಕ್ಕದಿಂದ ಬರುತ್ತಿದ್ದಾನೆ ಅಂದರೆ ಅಪಾಯ ಮುಗಿದಿಲ್ಲ, ನಿನ್ನ ಹಕ್ಕೂ ಮುಗಿದಿಲ್ಲ. ಚಾಕು ದೂರ ಬಿದ್ದಿದೆ, ಇನ್ನೊಬ್ಬ ಓಡಿಹೋದ, ಬಿದ್ದವನು ಹೊಟ್ಟೆ ಹಿಡಿದುಕೊಂಡು ಒದ್ದಾಡುತ್ತಿದ್ದಾನೆ ಅಂದರೆ ಹಕ್ಕು ಅಲ್ಲಿಗೆ ಮುಗಿಯಿತು. ಆಮೇಲಿನ ಒಂದೊಂದು ಒದೆಯೂ ನಿನ್ನ ಅಪರಾಧ. ಸಾದಾ ಗಾಯವಾದರೆ ಕಲಂ 115, ಒಂದು ವರ್ಷದವರೆಗೆ ಜೈಲು. ಮೂಳೆ ಮುರಿದರೆ, ಹಲ್ಲು ಉದುರಿದರೆ, ಇಲ್ಲವೇ ಅವನು 15 ದಿನ ತನ್ನ ಎಂದಿನ ಕೆಲಸ ಮಾಡಲಾಗದಂತಾದರೆ ಅದು ತೀವ್ರ ಗಾಯ. ಕಲಂ 117, ಏಳು ವರ್ಷದವರೆಗೆ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂದು ಕಲಂ 37ರಲ್ಲಿ ಸ್ಪಷ್ಟವಾಗಿ ಇದೆ. ಭಯದಲ್ಲಿ ಪ್ರಾಮಾಣಿಕವಾಗಿ ಗೆರೆ ದಾಟಿ ಎದುರಿನವನು ಸತ್ತರೆ ಅದನ್ನು ಕೊಲೆ ಎನ್ನದೆ ಅದಕ್ಕಿಂತ ಕಡಿಮೆ ಅಪರಾಧ ಎನ್ನುವ ವಿನಾಯಿತಿ ಉಂಟು. ಆದರೂ ಜೈಲು ತಪ್ಪುವುದಿಲ್ಲ.

ಕಲಿತವರಿಗೆ ಕಷ್ಟ ಆಗುವುದು ಇಲ್ಲಿಯೇ. ಕ್ಲಾಸಿನಲ್ಲಿ ನಿಮಗೆ ಒಂದೇ ಏಟು ಕಲಿಸುವುದಿಲ್ಲ. ಜ್ಯಾಬ್, ಕ್ರಾಸ್, ಮೊಣಕಾಲು, ಬಿದ್ದಮೇಲೆ ಮೇಲಿಂದ ಗುದ್ದು, ಹೀಗೆ ಸಾಲಾಗಿ ಕಲಿಸುತ್ತಾರೆ. ಮೈ ಅದನ್ನೇ ರೂಢಿ ಮಾಡಿಕೊಂಡಿರುತ್ತದೆ. ಕಾನೂನು ಮಾತ್ರ "ಇದು ಬೇಕಿತ್ತಾ?" ಎಂದು ಪ್ರತಿ ಏಟಿಗೂ ಬೇರೆ ಬೇರೆ ಕೇಳುತ್ತದೆ. ಮೊದಲಿನ ಎರಡು ಏಟಿಗೆ ಇದ್ದ ರಕ್ಷಣೆ ಮೂರನೆಯದಕ್ಕೆ ಇಲ್ಲದೆ ಹೋಗಬಹುದು. ಕೇಸ್ ನಡೆಯುವಾಗ ನನ್ನ ಮೇಜಿನ ಮೇಲೆ ಮೊದಲು ಬರುವ ಕಾಗದ ಡಾಕ್ಟರು ಕೊಟ್ಟ ಗಾಯದ ಸರ್ಟಿಫಿಕೇಟು. ಅದರಲ್ಲಿ ಎದುರಿನವನ ಮುಂಗೈ, ದವಡೆ, ಎದೆಯ ಮೇಲೆ ಗಾಯ ಅಂತ ಇದ್ದರೆ ವಾದಿಸಲು ದಾರಿ ಇರುತ್ತದೆ. ಬೆನ್ನು, ತಲೆಯ ಹಿಂಭಾಗ, ಪಕ್ಕೆಲುಬಿನ ಮೇಲೆ ಬೂಟಿನ ಗುರುತು ಅಂತ ಇದ್ದರೆ ಅವನು ಬಿದ್ದಿದ್ದಾಗಲೋ ತಿರುಗಿ ಓಡುವಾಗಲೋ ಹೊಡೆದಿದ್ದಾರೆ ಎಂದು ಸರ್ಕಾರಿ ವಕೀಲರು ಹೇಳದೆ ಬಿಡುವುದಿಲ್ಲ.

ಮಾಸ್ಟರುಗಳಿಗೆ ನನ್ನ ಕಳಕಳಿಯ ಬೇಡಿಕೆ ಇದು. ಹೊಡೆಯುವುದನ್ನು ಕಲಿಸಿದಷ್ಟೇ ಶ್ರದ್ಧೆಯಿಂದ ನಿಲ್ಲಿಸುವುದನ್ನೂ ಕಲಿಸಿ. ಹೊಡಿ, ಎರಡು ಹೆಜ್ಜೆ ಹಿಂದೆ ಸರಿ, ಅವನ ಕೈ ನೋಡು, ಸುತ್ತ ನೋಡು, "ಹಿಂದೆ ಸರಿ" ಎಂದು ಜೋರಾಗಿ ಕೂಗು. ಇದನ್ನೂ ಡ್ರಿಲ್ ಮಾಡಿಸಿ. ಆ ಕೂಗು ಸುತ್ತಲಿನವರ ಕಿವಿಗೆ ಬೀಳುತ್ತದೆ. ನಾಳೆ ಅವರೇ ಸಾಕ್ಷಿ ಆಗಬಹುದು.

ಅದೇ ಹುಡುಗ: ಆದರೆ ಮೇಡಂ, ಜೀವಭಯದಾಗ ಇಷ್ಟೆಲ್ಲಾ ಲೆಕ್ಕ ಹಾಕೋದು ಆಗ್ತದೇನ್ರೀ?

ಉತ್ತರ: ಆಗುವುದಿಲ್ಲ. ಅದು ಕೋರ್ಟಿಗೂ ಗೊತ್ತಿದೆ. 2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ದರ್ಶನ್ ಸಿಂಗ್ ಪ್ರಕರಣ ಓದು. ಪಂಜಾಬಿನ ಒಂದು ಹೊಲದ ಜಗಳ. ತಂದೆಯ ಮೇಲೆ ಗಂಡಾಸದಿಂದ (ಕೊಡಲಿಯಂಥ ಆಯುಧ) ಏಟು ಬಿದ್ದಾಗ ಮಗ ಗುಂಡು ಹಾರಿಸಿದ, ಹೊಡೆದವನು ಸತ್ತ. ಕೆಳಗಿನ ಕೋರ್ಟ್ ಬಿಟ್ಟಿತು, ಹೈಕೋರ್ಟ್ ಶಿಕ್ಷೆ ಕೊಟ್ಟಿತು, ಸುಪ್ರೀಂ ಕೋರ್ಟ್ ಮತ್ತೆ ಬಿಡುಗಡೆ ಮಾಡಿತು. ಜೀವಭಯದಲ್ಲಿರುವ ಮನುಷ್ಯ ತನ್ನ ಏಟನ್ನು ಚಿನ್ನದ ತಕ್ಕಡಿಯಲ್ಲಿ ತೂಗಲಾರ ಎಂಬ ಮಾತು ಇಂಥ ತೀರ್ಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಗಾಬರಿಯಲ್ಲಿ ಒಂದು ಏಟು ಹೆಚ್ಚಾಯಿತು ಅಂತಷ್ಟೇ ನಿನ್ನ ಹಕ್ಕು ಹೋಗುವುದಿಲ್ಲ. ಅಪಾಯ ಮುಗಿದದ್ದು ಕಣ್ಣಿಗೆ ಕಂಡಮೇಲೂ ಸಿಟ್ಟಿಗೆ ಹೊಡೆದರೆ ಹೋಗುತ್ತದೆ.

ಇನ್ನೊಬ್ಬರು (ನವನಗರ): ಅವ ಮೊಬೈಲ್ ಕಸ್ಕೊಂಡು ಓಡಿದರೆ ಬೆನ್ನು ಹತ್ತಬಹುದಾ?

ಉತ್ತರ: ಹತ್ತಬಹುದು. ಸಾದಾ ಕಳ್ಳತನದಲ್ಲಿ ಕಳ್ಳ ಮಾಲಿನ ಸಮೇತ ತಪ್ಪಿಸಿಕೊಳ್ಳುವತನಕ, ಇಲ್ಲವೇ ಮಾಲು ವಾಪಸ್ ಸಿಗುವತನಕ ಆಸ್ತಿ ಕಾಯುವ ಹಕ್ಕು ಇರುತ್ತದೆ, ಇದು ಕಲಂ 43. ಆದರೆ ಬರೀ ಕಳ್ಳತನಕ್ಕೆ ಜೀವ ತೆಗೆಯುವಂತಿಲ್ಲ. ಹಿಡಿದರೆ ಒತ್ತಿ ಹಿಡಿಯಿರಿ, 112ಕ್ಕೆ ಫೋನ್ ಮಾಡಿ. ಕಣ್ಣೆದುರೇ ಗಂಭೀರ ಅಪರಾಧ ಮಾಡಿದವನನ್ನು ಸಾಮಾನ್ಯ ಜನರೂ ಹಿಡಿಯಬಹುದು, ಆದರೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕಂಬಕ್ಕೆ ಕಟ್ಟಿ ಹೊಡೆದರೆ ಒಳಗೆ ಹೋಗುವವರು ನೀವೇ. ಮತ್ತೆ, ಚಾಕು ಇದ್ದವನ ಹಿಂದೆ ಕತ್ತಲಲ್ಲಿ ಓಡಬೇಡಿ. ಮೊಬೈಲ್ ಇನ್ನೊಂದು ಬರುತ್ತದೆ.

ಪ್ರಶ್ನೆ (ಗರಡಿ ಪೈಲ್ವಾನರು, ಗದಗ): ಅಕ್ಕಾರ, ಜಾತ್ರ್ಯಾಗ ಒಬ್ಬ ಎಲ್ಲಾರ ಮುಂದ "ಗಂಡಸಾದರ ಹೊರಗ ಬಾ" ಅಂದ. ಹೋಗಲಿಲ್ಲ ಅಂದರ ಮಾನ ಹೋಗ್ತದ. ಹೋಗಿ ಹೊಡೆದರ ಆತ್ಮರಕ್ಷಣೆ ಆಗೋದಿಲ್ಲೇನ್ರಿ?

ಉತ್ತರ: ಆಗುವುದಿಲ್ಲ, ಪೈಲ್ವಾನರೇ. ಇಬ್ಬರೂ ಒಪ್ಪಿ ಹೊಡೆದಾಡಿದರೆ ಇಬ್ಬರಿಗೂ ಈ ಹಕ್ಕು ಸಿಗುವುದಿಲ್ಲ. ಸಾರ್ವಜನಿಕ ಜಾಗದಲ್ಲಿ ಹೊಡೆದಾಡಿ ಶಾಂತಿ ಕೆಡಿಸಿದರೆ ಕಲಂ 194ರ ಕೆಳಗೆ ಇಬ್ಬರ ಮೇಲೂ ಕೇಸ್ ಆಗುತ್ತದೆ, ಒಂದು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದು ಸಣ್ಣದು. ಅವನ ಕೈ ಮುರಿದರೆ ಬರುವ 117 ಸಣ್ಣದಲ್ಲ.

"ನಾಳೆ ನಿಮ್ಮ ಓಣಿಗೆ ಬರ್ತೀನಿ" ಅಂತ ಅವನು ಬೆದರಿಸಿದ, ನೀವು ರಾತ್ರೋರಾತ್ರಿ ಗರಡಿ ಹುಡುಗರನ್ನು ಕಟ್ಟಿಕೊಂಡು ಅವನ ಮನೆಗೇ ಹೋದಿರಿ ಅಂದುಕೊಳ್ಳಿ. ಅದೂ ಆತ್ಮರಕ್ಷಣೆ ಅಲ್ಲ. ಪೊಲೀಸರ ಹತ್ತಿರ ಹೋಗಲು ಸಮಯ ಇದ್ದಾಗ ಈ ಹಕ್ಕು ಇಲ್ಲ.

ಹಾಗಂತ ಕಾನೂನು ನಿಮ್ಮನ್ನು ಹೇಡಿಯ ಹಾಗೆ ಓಡು ಅನ್ನುವುದಿಲ್ಲ. ನೀವು ಸುಮ್ನೆ ಮಂಡಾಳ ಮಿರ್ಚಿ ತಿನ್ನುತ್ತ ನಿಂತಿದ್ದಾಗ ಅವನೇ ಮೇಲೆ ಬಿದ್ದರೆ ನಿಂತಲ್ಲೇ ಎದುರಿಸಬಹುದು, ಓಡಲಿಲ್ಲ ಅಂತ ಯಾವ ಕೋರ್ಟೂ ತಪ್ಪು ಹಿಡಿಯುವುದಿಲ್ಲ. ಅವನು ಕುಡಿದಿದ್ದರೂ ನಿಮ್ಮ ಹಕ್ಕು ಅಷ್ಟೇ ಇರುತ್ತದೆ. ನಿಮ್ಮ ಕಲೆ ಇಂಥ ಕಡೆ ನಿಜಕ್ಕೂ ಒಳ್ಳೆಯದು. ಪಟ್ಟು ಹಾಕಿ ಕೆಡವಿ, ಕೈ ತಿರುವಿ, ಯಾರಾದರೂ ಬರುವತನಕ ಅವನನ್ನು ಅದುಮಿ ಹಿಡಿಯಲು ನಿಮಗೆ ಬರುತ್ತದೆ. ಗಾಯ ಕಡಿಮೆ, ಕೇಸೂ ಹಗುರ.

ಪ್ರಶ್ನೆ (ಕಾಲೇಜು ಹುಡುಗಿಯರಿಗೆ ಕಲಿಸುವ ತರಬೇತುದಾರೆ, ಹಾವೇರಿ): ಮೇಡಂ, ನಮ್ಮ ಹುಡುಗಿಯರು ದಿನಾ ಬಸ್ಸಿನಲ್ಲಿ ಓಡಾಡ್ತಾರೆ. ಮೈ ಕೈ ಮುಟ್ಟುವವರಿಗೆ ಹೊಡೆದರೆ ಹುಡುಗಿ ಮೇಲೇ ಕೇಸ್ ಆಗುತ್ತೆ ಅಂತ ಮನೆಯವರು ಹೆದರಿಸ್ತಾರೆ. ಪೆಪ್ಪರ್ ಸ್ಪ್ರೇ ಇಟ್ಕೋಬಹುದಾ?

ಉತ್ತರ: ಮೊದಲು ಆ ಮನೆಯವರಿಗೆ ಹೇಳಿ. ಮೈ ಮುಟ್ಟುವುದು ಅಪರಾಧ. ಅದನ್ನು ತಡೆಯಲು ಹೊಡೆಯುವ ಹಕ್ಕು ಆ ಹುಡುಗಿಗೆ ಇದೆ. ಮೊಣಕೈಯಿಂದ ತಿವಿಯುವುದು, ಬೆರಳು ತಿರುಚುವುದು, ಕಪಾಳಕ್ಕೆ ಬಾರಿಸುವುದು, ಕೂಗಿ ಕಂಡಕ್ಟರನ್ನು ಕರೆಯುವುದು, ಯಾವುದೂ ತಪ್ಪಲ್ಲ. ಪಕ್ಕದಲ್ಲಿ ಕೂತ ಗೆಳತಿ ಹೊಡೆದರೂ ತಪ್ಪಲ್ಲ, ಬೇರೆಯವರ ಮೈ ಕಾಯುವ ಹಕ್ಕನ್ನೂ ಕಲಂ 35 ಕೊಡುತ್ತದೆ. ತುಂಬಿದ ಬಸ್ಸಿನಲ್ಲಿ ಕೈ ಹಾಕಿದವನ ಕಣ್ಣೇ ಹೋಗುವಂತೆ ಮಾಡಿದರೆ ಮಾತ್ರ "ಅಷ್ಟು ಬೇಕಿತ್ತಾ?" ಎಂಬ ಪ್ರಶ್ನೆ ಬರುತ್ತದೆ.

ಇದಕ್ಕಿಂತ ದೊಡ್ಡ ಅಪಾಯಕ್ಕೆ ಹಕ್ಕೂ ದೊಡ್ಡದು. ಅತ್ಯಾಚಾರದ ಉದ್ದೇಶದಿಂದ ಮೇಲೆ ಬಿದ್ದರೆ, ಎತ್ತಿಕೊಂಡು ಹೋಗಲು ಗಾಡಿಗೆ ಎಳೆದರೆ, ಆ್ಯಸಿಡ್ ಎರಚಿದರೆ ಇಲ್ಲವೇ ಎರಚಲು ಬಂದು ಅದರಿಂದ ತೀವ್ರ ಗಾಯದ ಭಯ ಇದ್ದರೆ, ಇವೆಲ್ಲ ಕಲಂ 38ರಲ್ಲಿವೆ. ಆ್ಯಸಿಡ್ ಮಾತು ಸೇರಿದ್ದು 2013ರ ತಿದ್ದುಪಡಿಯಿಂದ. ಅಂಥ ಹೊತ್ತಿನಲ್ಲಿ ಕಣ್ಣು, ಗಂಟಲು, ತೊಡೆಸಂದು, ಸಿಕ್ಕಲ್ಲಿ ಹೊಡೆಯಿರಿ ಅಂತಲೇ ಕಲಿಸಿ. ಹಿಂದೆ ಮುಂದೆ ನೋಡಬೇಡಿ.

ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಬಹುದು, ಲೈಸೆನ್ಸ್ ಬೇಕಿಲ್ಲ. ಆದರೆ ಮಾತಿನ ಜಗಳಕ್ಕೆ ಅದನ್ನು ತೆಗೆಯಬಾರದು. 2024ರಲ್ಲಿ ಬೆಂಗಳೂರಿನ ಒಂದು ಕೇಸಿನಲ್ಲಿ ನಮ್ಮ ಹೈಕೋರ್ಟ್ ಪೆಪ್ಪರ್ ಸ್ಪ್ರೇಯನ್ನು ಅಪಾಯಕಾರಿ ಆಯುಧ ಎಂದೇ ಕರೆಯಿತು. ಅಲ್ಲಿ ಜೀವಕ್ಕೆ ತಕ್ಷಣದ ಅಪಾಯ ಕಾಣಲಿಲ್ಲ ಅಂತ ಕೇಸ್ ರದ್ದು ಮಾಡಲು ಒಪ್ಪಲಿಲ್ಲ.

ಪ್ರಶ್ನೆ (ಟೇಕ್ವಾಂಡೊ ಮಾಸ್ಟರ್, ಧಾರವಾಡ): ಕ್ಲಾಸಿನಲ್ಲೇ ಸ್ಪಾರಿಂಗ್ (ಅಭ್ಯಾಸದ ಹೊಡೆದಾಟ) ಮಾಡುವಾಗ ಮೂಗು ಒಡೆದರೆ?

ಉತ್ತರ: 18 ದಾಟಿದವರು ಒಪ್ಪಿ ಆಡಿದರೆ ಕಲಂ 25 ರಕ್ಷಣೆ ಕೊಡುತ್ತದೆ. ಇಬ್ಬರು ಮೋಜಿಗೆ ಕತ್ತಿವರಸೆ ಆಡುವುದನ್ನೇ ಕಾನೂನು ಅಲ್ಲಿ ಉದಾಹರಣೆ ಕೊಟ್ಟಿದೆ. ನಿಯಮದೊಳಗೆ ಆಡಿರಬೇಕು, ತೀವ್ರ ಗಾಯ ಮಾಡುವ ಉದ್ದೇಶ ಇರಬಾರದು, ಅಂಥ ಗಾಯ ಆದೀತು ಎಂದು ಗೊತ್ತಿದ್ದೂ ಹೊಡೆದಿರಬಾರದು. ಈ ಕಲಂ 18 ದಾಟದ ಮಕ್ಕಳಿಗೆ ಅನ್ವಯಿಸುವುದಿಲ್ಲ, ಇದನ್ನು ಬಹಳ ಕ್ಲಾಸುಗಳು ಗಮನಿಸುವುದಿಲ್ಲ. ಮಕ್ಕಳಿಗೆ ಹೆಡ್‌ಗಾರ್ಡ್, ಹಲ್ಲಿನ ಗಾರ್ಡ್ ಇಲ್ಲದೆ ಸ್ಪಾರಿಂಗ್ ಬೇಡ. ತೂಕ ನೋಡಿ ಜೋಡಿ ಮಾಡಿ. ಪಾಲಕರ ಸಹಿ ತಗೊಳ್ಳಿ, ಆದರೆ ಆ ಸಹಿ ನಿಮ್ಮ ನಿರ್ಲಕ್ಷ್ಯವನ್ನು ಮುಚ್ಚುವುದಿಲ್ಲ.

ಪ್ರಶ್ನೆ (ಜಿಮ್ ನಡೆಸುವವರು, ಹಳೇ ಹುಬ್ಬಳ್ಳಿ): ಘಟನೆ ಆಗಿಹೋಯ್ತು ಅನ್ನಿ. ಮುಂದೆ ಏನ್ ಮಾಡಬೇಕ್ರೀ?

ಉತ್ತರ: 112ಕ್ಕೆ ಮೊದಲು ಫೋನ್ ಮಾಡುವವರು ನೀವಾಗಿರಿ. ಮನೆಗೆ ಹೋಗಿ ಮಲಗಿಬಿಟ್ಟರೆ ಬೆಳಗ್ಗೆ ಅವನು ಫಿರ್ಯಾದಿ, ನೀವು ಆರೋಪಿ. ಬಿದ್ದವನಿಗೂ ಆಂಬುಲೆನ್ಸ್ ಕರೆಯಿರಿ. ನಿಮಗೆ ಸಣ್ಣ ತರಚು ಗಾಯ ಆಗಿದ್ದರೂ ಅವತ್ತೇ ಕಿಮ್ಸ್‌ಗೋ ಹತ್ತಿರದ ಸರ್ಕಾರಿ ಆಸ್ಪತ್ರೆಗೋ ಹೋಗಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾಗುವ ಗಾಯದ ವೈದ್ಯಕೀಯ ದಾಖಲೆ) ಮಾಡಿಸಿ. ನಾಲ್ಕು ದಿನ ಬಿಟ್ಟು ತೋರಿಸಿದ ಗಾಯಕ್ಕೆ ಬೆಲೆ ಇರುವುದಿಲ್ಲ. ಅಕ್ಕಪಕ್ಕದ ಅಂಗಡಿಗಳ ಸಿಸಿಟಿವಿ ಬೇಗ ಅಳಿಸಿಹೋಗುತ್ತದೆ. ಯಾವ ಅಂಗಡಿಯಲ್ಲಿ ಕ್ಯಾಮೆರಾ ಇದೆ ಎಂದು ದೂರಿನಲ್ಲೇ ಬರೆಯಿರಿ. ವಿಡಿಯೋ ಇದ್ದರೆ ಮೂಲ ಫೋನಿನಲ್ಲೇ ಉಳಿಸಿ, ಸ್ಟೇಟಸ್‌ಗೆ ಹಾಕಬೇಡಿ.

ದೂರು ಯಾವ ಠಾಣೆಯಲ್ಲಾದರೂ ಕೊಡಬಹುದು, ಎಫ್‌ಐಆರ್ ಪ್ರತಿ ಉಚಿತ. ತಗೊಳ್ಳಲಿಲ್ಲ ಅಂದರೆ ಹುಬ್ಬಳ್ಳಿ-ಧಾರವಾಡದಲ್ಲಿ ಪೊಲೀಸ್ ಕಮಿಷನರಿಗೆ, ಗದಗ, ಹಾವೇರಿಯಲ್ಲಿ ಎಸ್‌ಪಿಗೆ ಅಂಚೆಯಲ್ಲಿ ಬರೆದು ಕಳಿಸಿ. ಎದುರಿನವನೂ ದೂರು ಕೊಟ್ಟು ಕ್ರಾಸ್ ಕೇಸ್ ಆಗುವುದು ಮಾಮೂಲು, ಎದೆಗುಂದಬೇಡಿ.

"ನಾನು ಹೊಡೆದೇ ಇಲ್ಲ" ಅಂತ ಮಾತ್ರ ಹೇಳಬೇಡಿ. ಆತ್ಮರಕ್ಷಣೆ ಅಂದರೆ "ಹೊಡೆದೆ, ಇಂಥ ಕಾರಣಕ್ಕೆ ಹೊಡೆದೆ" ಅನ್ನುವುದು. ಅದನ್ನು ತೋರಿಸುವ ಹೊಣೆ ನಿಮ್ಮದೇ, ಹೊಸ ಸಾಕ್ಷ್ಯ ಕಾಯ್ದೆಯ (ಭಾರತೀಯ ಸಾಕ್ಷ್ಯ ಅಧಿನಿಯಮ) ಕಲಂ 108. ಆದರೆ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ. ಹೀಗೇ ನಡೆದಿರುವ ಸಂಭವ ಹೆಚ್ಚು ಎಂದು ಕೋರ್ಟಿಗೆ ಅನ್ನಿಸಿದರೆ ಸಾಕು. ಮೊದಲ ದಿನ ಒಂದು, ಆಮೇಲೆ ಇನ್ನೊಂದು ಹೇಳಿದರೆ ಅನ್ನಿಸುವುದಾದರೂ ಹೇಗೆ?

ಪ್ರಶ್ನೆ (ಕರಾಟೆ ವಿದ್ಯಾರ್ಥಿ, ಗೋಕುಲ ರೋಡ್): ಕೊನೇದು ಮೇಡಂ. ಬೈಕ್ ಡಿಕ್ಕಿಯಲ್ಲಿ ನಂಚಾಕು (ಸರಪಳಿಯಿಂದ ಜೋಡಿಸಿದ ಎರಡು ಕೋಲು) ಇಟ್ಕೊಂಡು ಓಡಾಡಬಹುದಾ?

ಉತ್ತರ: ಕ್ಲಾಸಿಗೆ ಹೋಗುವಾಗ ಬ್ಯಾಗಿನಲ್ಲಿ, ಡ್ರೆಸ್ ಮತ್ತು ಬೆಲ್ಟಿನ ಜೊತೆ ಇರಲಿ. ಕ್ಲಾಸ್ ಇಲ್ಲದ ದಿನ ಮನೆಯಲ್ಲಿಡಿ. ನಂಚಾಕಿನಿಂದ ಗಾಯ ಮಾಡಿದರೆ ಕೇಸ್ ಕಲಂ 118ಕ್ಕೆ ಹೋಗಬಹುದು, ಅಲ್ಲಿ ಶಿಕ್ಷೆ ಖಾಲಿ ಕೈಯಿಂದ ಹೊಡೆದದ್ದಕ್ಕಿಂತ ಜಾಸ್ತಿ. "ಮೊದಲೇ ತಯಾರಾಗಿ ಬಂದಿದ್ದ" ಎಂಬ ವಾದಕ್ಕೂ ಅದು ಅನುಕೂಲ. ಹಬ್ಬದ ಮೆರವಣಿಗೆ ಹೊತ್ತಿನಲ್ಲಿ ನಿಷೇಧಾಜ್ಞೆ ಇದ್ದರೆ ದೊಣ್ಣೆ ಹಿಡಿದು ಓಡಾಡಿದರೂ ಕೇಸ್ ಆಗಬಹುದು. ಆ ದಿನಗಳಲ್ಲಿ ಬೋ (ಉದ್ದ ಕೋಲು), ನಂಚಾಕು ಎಲ್ಲ ಮಾಸ್ಟರ್ ಹತ್ತಿರವೇ ಬಿಟ್ಟು ಬನ್ನಿ.