ಅಪ್‌ಡೇಟ್: ಡೆಡ್‌ಲಿಫ್ಟ್ ಎತ್ತುವಾಗ ಮೂತ್ರ ಸೋರುವ ಬಗ್ಗೆ ಕೇಳಿದ್ದೆ

ಮೂರು ತಿಂಗಳ ಹಿಂದೆ ಕೇಳಿದ್ದೆ: ಡೆಡ್‌ಲಿಫ್ಟ್‌ನಲ್ಲಿ (ನೆಲದಿಂದ ಭಾರ ಎತ್ತಿ ನೆಟ್ಟಗೆ ನಿಲ್ಲುವ ವ್ಯಾಯಾಮ) 80 ಕೆಜಿ ಎತ್ತುವಾಗ ಎರಡು ಹನಿ ಸೋರುತ್ತದೆ, ಭಾರ ಎತ್ತುವುದನ್ನೇ ಬಿಡಬೇಕಾ ಅಂತ. ಬಿಡಲಿಲ್ಲ.

ಪೆಲ್ವಿಕ್ ಫ್ಲೋರ್ (ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹಿಡಿದಿಡುವ ಸ್ನಾಯುಗಳು) ನೋಡುವ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಸ್ನಾಯು ಸಡಿಲವಾಗಿದೆ ಅಂತ ನಾನೇ ತೀರ್ಮಾನಿಸಿ ದಿನವಿಡೀ ಕೆಗೆಲ್ (ಆ ಸ್ನಾಯುಗಳನ್ನು ಬಿಗಿ ಹಿಡಿದು ಬಿಡುವ ವ್ಯಾಯಾಮ) ಮಾಡುತ್ತಿದ್ದೆ ಅಲ್ವಾ? ಪರೀಕ್ಷೆಯಲ್ಲಿ ಗೊತ್ತಾಗಿದ್ದೇ ಬೇರೆ. ನನಗೆ ಬಿಗಿ ಹಿಡಿಯಲು ಬರುತ್ತದೆ, ಬಿಡಲು ಬರುವುದಿಲ್ಲ! ಸದಾ ಬಿಗಿಯಾಗಿರುವ ಸ್ನಾಯು ಭಾರ ಬಿದ್ದಾಗ ಇನ್ನೆಷ್ಟು ಬಿಗಿಯಾದೀತು? ಅದರ ಮೇಲೆ ಉಸಿರು ಕಟ್ಟಿ, ಮಲಬದ್ಧತೆ ಆದವರ ಹಾಗೆ ಕೆಳಕ್ಕೆ ತಿಣುಕುತ್ತಿದ್ದೆ.

ಕೆಗೆಲ್ ಸದ್ಯಕ್ಕೆ ನಿಲ್ಲಿಸಿದರು. 50 ಕೆಜಿಗೆ ಇಳಿದು, ಎತ್ತುವಾಗ ಉಸಿರು ಬಿಡುವುದನ್ನು ಕಲಿತೆ. ಈಗ 75. ಮುಟ್ಟಿನ ಹಿಂದಿನ ದಿನ ಒಮ್ಮೆ ಸೋರಿತು, ಅಷ್ಟೇ. ಕೆಳಗೆ ಏನೋ ಜಾರಿದ ಹಾಗೆ ಅನಿಸಿದರೆ ಕಾಯದೆ ಬನ್ನಿ ಅಂದಿದ್ದಾರೆ. ಸದ್ಯ ಹಾಗೇನೂ ಇಲ್ಲ.